ಭರಣಿಯಲ್ಲಿ ದ್ರಾಕ್ಷಿ: ಮನೆ ವೈನ್ ಬಗ್ಗೆ ವಾಚಕರ ಪ್ರಶ್ನೆಗಳು

ಹಣ್ಣಿನ ವೈನ್ ಕುರಿತು ಬಂದ ಪತ್ರಗಳಲ್ಲಿ ಹೊಸದಾಗಿ ಕೈಹಾಕಿದವರವೇ ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಒಂದು ಕಿಲೋ ದ್ರಾಕ್ಷಿಗೆ ಒಂದು ಕಿಲೋ ಸಕ್ಕರೆ ಎಂದು ಕೆಲವರು, ಅರ್ಧ ಕಿಲೋ ಸಾಕು ಎಂದು ಕೆಲವರು ಹೇಳುತ್ತಾರೆ. ಯಾವುದು ಸರಿ? ಮೊದಲ ಸಲ ಮಾಡುವವರಿಗೆ ಒಂದು ಅಳತೆ ಕೊಡಿ. (ದೊಡ್ಡಬಳ್ಳಾಪುರ)

ಎರಡೂ ಜಾಸ್ತಿ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುಳಿದರೆ ಶೇ 1ರಷ್ಟು ಮದ್ಯಸಾರ ಆಗುತ್ತದೆ. ಶೇ 12 ಬೇಕೆಂದರೆ ಹಣ್ಣಿನದೂ ಸೇರಿ ಲೀಟರಿಗೆ 205 ಗ್ರಾಂ ಆಸುಪಾಸು ಸಕ್ಕರೆ ಸಾಕು. ಕಿಲೋಗೆ ಕಿಲೋ ಹಾಕಿ ಒಂದು ಲೀಟರ್ ನೀರು ಬೆರೆಸಿದರೆ ಅದು 450 ಗ್ರಾಂ ದಾಟುತ್ತದೆ. ಅಷ್ಟು ದಪ್ಪ ಪಾಕದಲ್ಲಿ ಈಸ್ಟ್ ಏದುಸಿರು ಬಿಡುತ್ತಾ ಅರ್ಧ ದಾರಿಗೇ ಸೋಲುತ್ತದೆ. ಉಳಿಯುವುದು ಅಮಲಿನ ಶರಬತ್ತು.

ನಿಮ್ಮ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿಯಲ್ಲಿ ಹುಳಿ ಹೆಚ್ಚು, ಘಮವೂ ಜೋರು. ಹಾಗಾಗಿ ಸ್ವಲ್ಪ ನೀರು ಬೆರೆಸಬಹುದು. 3 ಕಿಲೋ ಚೆನ್ನಾಗಿ ಕಳಿತ ಹಣ್ಣು, ಕುದಿಸಿ ಆರಿಸಿದ 1 ಲೀಟರ್ ನೀರು, 400 ಗ್ರಾಂ ಸಕ್ಕರೆ. ಕೊನೆಗೆ ಮೂರು ಲೀಟರಿನಷ್ಟು ವೈನ್ ಸಿಗುತ್ತದೆ.

ಹಣ್ಣನ್ನು ತೊಟ್ಟಿನಿಂದ ಬಿಡಿಸಿ, ಕೊಳೆತದ್ದು, ಬೂಸ್ಟು ಹಿಡಿದದ್ದನ್ನು ಎಸೆದು, ತೊಳೆದು ನೀರು ಬಸಿಯಿರಿ. ಕೈಯಿಂದಲೇ ಹಿಸುಕಿ. ಮಿಕ್ಸಿ ಬೇಡ, ಬೀಜ ಒಡೆದರೆ ಕಹಿ ಇಳಿಯುತ್ತದೆ. ಸಕ್ಕರೆಯನ್ನು ಆ ನೀರಿನಲ್ಲಿ ಕರಗಿಸಿ ಸೇರಿಸಿ. ಪಾತ್ರೆ 7–8 ಲೀಟರಿನದಿರಲಿ, ಮೂರನೇ ಒಂದು ಭಾಗವಾದರೂ ಖಾಲಿ ಇರಬೇಕು. ಇಲ್ಲದಿದ್ದರೆ ಎರಡನೇ ದಿನ ಸಿಪ್ಪೆ ಉಬ್ಬಿ ನೆಲಕ್ಕೆ ಇಳಿಯುತ್ತದೆ. ಗಾಜು, ಸ್ಟೀಲ್, ಆಹಾರ ದರ್ಜೆಯ ಪ್ಲಾಸ್ಟಿಕ್ ಆಗಬಹುದು. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಕೂಡದು. ಅಜ್ಜಿ ಕಾಲದ ಉಪ್ಪಿನಕಾಯಿ ಭರಣಿಯನ್ನೂ ಬಿಡಿ. ಹಳೆಯ ಮೆರುಗಿನಲ್ಲಿ ಸೀಸ ಇದ್ದರೆ ಹುಳಿ ಅದನ್ನು ಎಳೆದುಕೊಳ್ಳುತ್ತದೆ. ಮೆರುಗು ಬಿರಿದದ್ದಾದರೆ ಉಪ್ಪಿನಕಾಯಿ ವಾಸನೆಯೂ ಬಿಡುವುದಿಲ್ಲ.

ಸ್ಕ್ವಾಷ್ ಮಾಡುವವರು ಕೆಡದಂತೆ ಬಳಸುವ ಕೆ.ಎಂ.ಎಸ್. (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಪುಡಿ ಸಿಕ್ಕರೆ ಕಾಲು ಗ್ರಾಂ, ತೂಗಿ, ಹಾಕಿ 24 ಗಂಟೆ ಬಟ್ಟೆ ಮುಚ್ಚಿಡಿ. ಹಣ್ಣಿನ ಮೇಲಿನ ಕಾಡು ಸೂಕ್ಷ್ಮಜೀವಿಗಳು ಅಡಗುತ್ತವೆ. ಮನೆಯಲ್ಲಿ ಕುಡಿಯುವವರಿಗೆ ಅಸ್ತಮಾ ಇದ್ದರೆ ಇದನ್ನು ಬಿಡುವುದು ಒಳ್ಳೆಯದು. ಮರುದಿನ 1 ಗ್ರಾಂ ವೈನ್ ಈಸ್ಟನ್ನು 50 ಮಿ.ಲೀ. ಉಗುರುಬೆಚ್ಚಗಿನ ನೀರಿಗೆ (35ರಿಂದ 40 ಡಿಗ್ರಿ) ಉದುರಿಸಿ, ಕಾಲು ಗಂಟೆ ಬಿಟ್ಟು ಸುರಿಯಿರಿ.

ಮೊದಲ ಐದಾರು ದಿನ ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೆ ಎರಡು ಸಲ ತೇಲುವ ಸಿಪ್ಪೆಯನ್ನು ಒಳಕ್ಕೆ ಒತ್ತಿ. ಈ ಹಂತದಲ್ಲಿ ಈಸ್ಟ್ ಮರಿಹಾಕಲು ಗಾಳಿ ಬೇಕು. ಆಮೇಲೆ ಗಾಳಿಯೇ ಶತ್ರು. ಬಟ್ಟೆಯಲ್ಲಿ ಸೋಸಿ, ಮೆಲ್ಲಗೆ ಹಿಂಡಿ, 3 ಲೀಟರಿನ ಗಾಜಿನ ಜಾಡಿಗೆ ಕತ್ತಿನವರೆಗೆ ತುಂಬಿ. ಮುಚ್ಚಳಕ್ಕೆ ತೂತು ಕೊರೆದು ಸಣ್ಣ ಕೊಳವೆ ಸಿಕ್ಕಿಸಿ, ಸಂದಿಗೆ ಮೇಣ ಮೆತ್ತಿ, ಕೊಳವೆಯ ಇನ್ನೊಂದು ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿ. ಒಳಗಿನ ಅನಿಲ ಹೊರಬರುತ್ತದೆ, ಹೊರಗಿನ ಗಾಳಿ ಒಳಹೋಗುವುದಿಲ್ಲ. ಮೂರು ನಾಲ್ಕು ವಾರದ ಮೇಲೆ ತಳದ ಮಡ್ಡಿ ಕದಡದಂತೆ ಕೊಳವೆಯಲ್ಲಿ ಎಳೆದು ಬೇರೆ ಜಾಡಿಗೆ ವರ್ಗಾಯಿಸಿ. ಎರಡು ತಿಂಗಳ ನಂತರ ಇನ್ನೊಮ್ಮೆ. ಇಪ್ಪತ್ತೊಂದು ದಿನಕ್ಕೆ ಕುಡಿಯಬಹುದು ಎನ್ನುವ ಪಾಕವಿಧಾನಗಳು ಸುಳ್ಳಲ್ಲ, ಕುಡಿಯಬಹುದು. ಆದರೆ ಅದು ಹುಳಿ ಬಂದ ರಸ. ವೈನ್ ಆಗಲು ಮೂರು ತಿಂಗಳು ಬೇಕು.

ಬೇಕರಿ ಈಸ್ಟ್ ಹಾಕಿದರೆ ಏನು ತೊಂದರೆ? (ಹಾಸನ)

ತೊಂದರೆ ಇಲ್ಲ, ಅರ್ಧ ಚಮಚ ಸಾಕು. ಆದರೆ ಅದು ಬೇಗ ದಣಿಯುತ್ತದೆ, ಮಡ್ಡಿ ಗಟ್ಟಿಯಾಗಿ ಕೂರುವುದಿಲ್ಲ, ಬ್ರೆಡ್ಡಿನ ವಾಸನೆ ಉಳಿಯುತ್ತದೆ. ಆನ್‌ಲೈನ್‌ನಲ್ಲಿ ಸಿಗುವ 5 ಗ್ರಾಂ ವೈನ್ ಈಸ್ಟ್ ಪೊಟ್ಟಣ 20 ಲೀಟರಿಗೆ ಆಗುತ್ತದೆ. ಉಳಿದದ್ದನ್ನು ಗಾಳಿಯಾಡದಂತೆ ಫ್ರಿಜ್ಜಿನಲ್ಲಿಡಿ.

ಈಸ್ಟ್ ಹಾಕಿ ಎರಡು ದಿನವಾಯಿತು. ಲೋಟದಲ್ಲಿ ಒಂದು ಗುಳ್ಳೆಯೂ ಇಲ್ಲ. (ಚಿಕ್ಕಮಗಳೂರು)

ಮೊದಲು ಮುಚ್ಚಳ ನೋಡಿ. ಬಹಳ ಸಲ ಜಾಡಿ ಒಳಗೊಳಗೇ ಕೆಲಸ ಮಾಡುತ್ತಿರುತ್ತದೆ, ಅನಿಲ ಮಾತ್ರ ಮುಚ್ಚಳದ ಅಂಚಿನಲ್ಲಿ ಸೋರುತ್ತಿರುತ್ತದೆ. ಕಿವಿಯಿಟ್ಟರೆ ಸಣ್ಣಗೆ ಚುರುಗುಟ್ಟುವ ಸದ್ದು ಕೇಳುತ್ತದೆ. ಅದೂ ಇಲ್ಲವೆಂದರೆ ಈಸ್ಟನ್ನು ಬಿಸಿನೀರಿಗೆ ಹಾಕಿ ಕೊಂದಿರಬಹುದು, ಕೆ.ಎಂ.ಎಸ್. ಹಾಕಿದ ತಕ್ಷಣ ಈಸ್ಟ್ ಸೇರಿಸಿರಬಹುದು, ಇಲ್ಲವೇ ಸಕ್ಕರೆ ಅತಿಯಾಗಿರಬಹುದು. ನಿಮ್ಮೂರಿನ ಡಿಸೆಂಬರಿನಲ್ಲಾದರೆ ಚಳಿಯೇ ಸಾಕು. ಜಾಡಿಗೆ ಕಂಬಳಿ ಸುತ್ತಿ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಡಿ, 20ರಿಂದ 28 ಡಿಗ್ರಿ ಹಿತ. ಮತ್ತೊಂದು ದಿನ ನೋಡಿ ಹೊಸ ಈಸ್ಟ್ ಹಾಕಿ.

ಕೊಡಗಿನ ವಿಧಾನದಲ್ಲಿ ಗೋಧಿ, ಮೊಟ್ಟೆಯ ಬಿಳಿ ಹಾಕುತ್ತಾರೆ. ಅಗತ್ಯವೇ? (ಮೈಸೂರು)

ಗೋಧಿ ಅಗತ್ಯವಿಲ್ಲ. ಅದರ ಪಿಷ್ಟವನ್ನು ವೈನ್ ಈಸ್ಟ್ ತಿನ್ನಲಾರದು. ಸ್ವಲ್ಪ ಪೋಷಕಾಂಶ ಸಿಗುತ್ತದೆ ನಿಜ, ಜೊತೆಗೆ ತಿಳಿಯಾಗದ ಮಸುಕೂ ಸಿಗುತ್ತದೆ. ಮೊಟ್ಟೆಯ ಬಿಳಿಯ ವಿಷಯ ಬೇರೆ. ಅದು ಒಗರನ್ನು ಹಿಡಿದು ತಳಕ್ಕೆ ಎಳೆಯುತ್ತದೆ, ಫ್ರಾನ್ಸಿನ ಬೋರ್ಡೋದಲ್ಲೂ ಕೆಂಪು ವೈನಿಗೆ ಹಾಗೆ ಮಾಡುವ ರೂಢಿಯಿದೆ. ಆದರೆ ಅಲ್ಲಿ 225 ಲೀಟರಿನ ಪೀಪಾಯಿಗೆ ನಾಲ್ಕೈದು ಮೊಟ್ಟೆ. ಐದು ಲೀಟರಿನ ಜಾಡಿಗೆ ಎರಡು ಮೊಟ್ಟೆಯ ಬಿಳಿ ಸುರಿದರೆ ವೈನಿನ ಮೈಯೇ ತೆಳ್ಳಗಾಗುತ್ತದೆ. ಕಾಯುವ ತಾಳ್ಮೆ ಇದ್ದರೆ ಮೊಟ್ಟೆಯಿಲ್ಲದೆಯೂ ತಿಳಿಯಾಗುತ್ತದೆ.

ನೇರಳೆ ಹಣ್ಣಿನ ವೈನ್ ಕಳೆದ ವರ್ಷ ನಾಲಿಗೆ ಸುರುಟುವಷ್ಟು ಒಗರಾಯಿತು. ತಿಳಿಯೂ ಆಗಲಿಲ್ಲ. ಹಣ್ಣನ್ನು ಚೆನ್ನಾಗಿ ಬೇಯಿಸಿಯೇ ಹಾಕಿದ್ದೆವು. (ತುಮಕೂರು)

ಬೇಯಿಸಿದ್ದೇ ತಪ್ಪು. ಬೆಂದಾಗ ಹಣ್ಣಿನ ಪೆಕ್ಟಿನ್ ರಸಕ್ಕೆ ಬಿಡುತ್ತದೆ. ಜಾಮ್ ಗಟ್ಟಿಯಾಗುವುದು ಇದರಿಂದಲೇ, ವೈನಿನಲ್ಲಿ ಅದು ಹೋಗದ ಮಸುಕು. 2 ಕಿಲೋ ಹಣ್ಣನ್ನು ಹಸಿಯಾಗಿಯೇ ಹಿಸುಕಿ, ಸಾಧ್ಯವಾದಷ್ಟು ಬೀಜ ತೆಗೆದು, 2 ಲೀಟರ್ ನೀರು, 550 ಗ್ರಾಂ ಸಕ್ಕರೆ ಸೇರಿಸಿ. ಪೆಕ್ಟಿನ್ ಒಡೆಯುವ ಕಿಣ್ವದ ಪುಡಿ ಸಿಕ್ಕರೆ ಪೊಟ್ಟಣದ ಮೇಲಿನ ಅಳತೆಯಂತೆ, ಈಸ್ಟಿಗೆ ಮೊದಲು, ಹಾಕಿ. ಸಿಪ್ಪೆಯನ್ನು ಮೂರೇ ದಿನಕ್ಕೆ ಸೋಸಿಬಿಡಿ. ಬಣ್ಣ ಅಷ್ಟರಲ್ಲೇ ಇಳಿದಿರುತ್ತದೆ, ಆಮೇಲೆ ಇಳಿಯುವುದು ಒಗರು ಮಾತ್ರ. ಇಷ್ಟಾದರೂ ನೇರಳೆಗೆ ಆರು ತಿಂಗಳು ಬೇಕು.

ಗೇರುಹಣ್ಣಿನ ಕನರು ಹೋಗಿಸುವುದು ಹೇಗೆ? (ಪುತ್ತೂರು)

ಸಬ್ಬಕ್ಕಿ ಗಂಜಿಯಿಂದ. ಲೀಟರ್ ರಸಕ್ಕೆ 5 ಗ್ರಾಂ ಸಬ್ಬಕ್ಕಿ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಬೇಯಿಸಿ, ಆರಿಸಿ, ಕಲಕಿ, 12 ಗಂಟೆ ಬಿಡಿ. ಒಗರು ಗಂಜಿಯೊಡನೆ ತಳ ಸೇರುತ್ತದೆ. ಮೇಲಿನ ತಿಳಿರಸವನ್ನಷ್ಟೇ ಬಳಸಿ. ಹಣ್ಣು ಕೊಯ್ದ ದಿನವೇ ಹಿಂಡಬೇಕು, ಮರುದಿನಕ್ಕೆ ಅದು ತಾನೇ ಹುಳಿಯಲು ಶುರುಮಾಡಿರುತ್ತದೆ.

ನಮ್ಮ ವೈನ್ ವಿನಿಗರ್ ಆಯಿತು. ಸರಿಮಾಡಲು ಸಾಧ್ಯವೇ? (ವಿರಾಜಪೇಟೆ)

ಇಲ್ಲ. ಸೋಡಾ ಹಾಕಿ ಹುಳಿ ಮುರಿಯಲು ಹೋಗಬೇಡಿ, ಉಪ್ಪುಪ್ಪಾಗುತ್ತದೆ. ಹುಳಿ ಮಾಡುವ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕು. ಅರ್ಧ ಖಾಲಿ ಜಾಡಿ, ಆಗಾಗ ಮುಚ್ಚಳ ತೆಗೆದು ರುಚಿ ನೋಡುವ ಚಪಲ, ಒಳಗೆ ಬಿದ್ದ ಹಣ್ಣುನೊಣ, ಈ ಮೂರರಲ್ಲೊಂದು ನಡೆದಿರಬೇಕು. ಮೇಲೆ ಬಿಳಿ ಪೊರೆಯಷ್ಟೇ ಕಟ್ಟಿ ವಾಸನೆ ಇನ್ನೂ ಕೆಟ್ಟಿಲ್ಲವಾದರೆ ಪೊರೆಯ ಕೆಳಗಿನಿಂದ ಎಳೆದು ಸಣ್ಣ ಬಾಟಲಿಗೆ ಕತ್ತಿನವರೆಗೆ ತುಂಬಿ ಬೇಗ ಮುಗಿಸಿ. ಪೂರ್ತಿ ಹುಳಿಯಾದದ್ದನ್ನು ಅಡುಗೆಗೆ ಇಟ್ಟುಕೊಳ್ಳಿ. ಕಾಚಂಪುಳಿಯ (ಕೊಡಗಿನ ಅಡುಗೆಯ ಹಣ್ಣಿನ ಹುಳಿ) ಊರಿನವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆ. (ಧಾರವಾಡ)

ಈಸ್ಟಿಗೆ ಸಾರಜನಕ ಸಾಲದಾಗ ಹೀಗಾಗುತ್ತದೆ. ನೀರು, ಸಕ್ಕರೆ ಹೆಚ್ಚಾಗಿ ಹಣ್ಣು ಕಡಿಮೆಯಾದ ವೈನಿನಲ್ಲಿ ಸಾಮಾನ್ಯ. ಬೇಗ ಗಮನಿಸಿದರೆ ಒಂದು ಜಾಡಿಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿದರೆ ಹೋಗುತ್ತದೆ. ಮುಂದಿನ ಸಲ ಹಣ್ಣು ಹೆಚ್ಚಿಸಿ.

ಸಿಹಿ ಸಾಲದೆಂದು ಬಾಟಲಿಗೆ ತುಂಬುವಾಗ ಲೀಟರಿಗೆ ಎರಡು ದೊಡ್ಡ ಚಮಚ ಸಕ್ಕರೆ ಹಾಕಿದೆವು. ರಾತ್ರಿ ಎರಡು ಬಾಟಲಿ ಸಿಡಿದವು. (ಮಂಗಳೂರು)

ಉಳಿದವನ್ನು ಈಗಲೇ, ಮುಖ ಆಚೆ ಮಾಡಿ, ಬಾಟಲಿಗೆ ದಪ್ಪ ಟವೆಲ್ ಸುತ್ತಿ, ಮುಚ್ಚಳ ಸಡಿಲಿಸಿ. ಶಾಂಪೇನ್ ಮಾಡುವವರು ಬಾಟಲಿಯಲ್ಲಿ ಲೀಟರಿಗೆ ಹಾಕುವ ಸಕ್ಕರೆ ಸುಮಾರು 24 ಗ್ರಾಂ. ಅದರಿಂದ ಹುಟ್ಟುವ ಒತ್ತಡ ಕಾರಿನ ಟಯರಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಅವರ ಬಾಟಲಿಯ ಗಾಜು ದಪ್ಪ, ನಿಮ್ಮದು ಅಲ್ಲ. ನೀವು ಹಾಕಿದ್ದೂ ಹೆಚ್ಚುಕಡಿಮೆ ಅಷ್ಟೇ. ಸಿಹಿ ಬೇಕಿದ್ದರೆ ಲೋಟಕ್ಕೆ ಬಗ್ಗಿಸುವಾಗ ಬೆರೆಸಿ. ರಸದ ಸಾಂದ್ರತೆ ಅಳೆದು ಸಕ್ಕರೆ ಎಷ್ಟು ಉಳಿದಿದೆ ಎಂದು ತೋರಿಸುವ ಹೈಡ್ರೋಮೀಟರ್ ಒಂದು ಕೊಳ್ಳಿ: ಶುರುವಿನಲ್ಲಿ 1.085 ಆಸುಪಾಸು, ಮುಗಿದಾಗ 0.995. ಮೂರು ದಿನ ಅಂಕಿ ಕದಲದಿದ್ದರೆ ಮಾತ್ರ ಬಾಟಲಿ. ಗುಳ್ಳೆ ನಿಂತಿತು ಎಂಬುದು ಲೆಕ್ಕಕ್ಕಿಲ್ಲ.

ಮನೆ ವೈನಿನಲ್ಲಿ ಮೆಥನಾಲ್ ಸೇರಿ ಕಣ್ಣು ಹೋಗುವುದುಂಟೇ? ಮಾಡುವುದಕ್ಕೆ ಕಾನೂನು ಏನು ಹೇಳುತ್ತದೆ? (ಬೆಂಗಳೂರು)

ಹಣ್ಣು ಹುಳಿಯುವಾಗ ಪೆಕ್ಟಿನ್‌ನಿಂದ ಹುಟ್ಟುವ ಮೆಥನಾಲ್ ಅಪಾಯವಿಲ್ಲದಷ್ಟು ಅಲ್ಪ. ಕಳ್ಳಭಟ್ಟಿ ದುರಂತಗಳಿಗೆ ಮುಖ್ಯ ಕಾರಣ ಕೈಗಾರಿಕಾ ಮೆಥನಾಲ್ ಬೆರಕೆ. ಭಟ್ಟಿ ಇಳಿಸುವ ಗೋಜಿಗೆ ಮಾತ್ರ ಹೋಗಲೇಬೇಡಿ. ಕಾನೂನಿನ ಮಾತೆಂದರೆ, ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದನ್ನು ಕರ್ನಾಟಕ ಅಬಕಾರಿ ಕಾಯ್ದೆ, 1965 ನಿಷೇಧಿಸುತ್ತದೆ. ಮಾರಾಟಕ್ಕಂತೂ ಪರವಾನಗಿ ಬೇಕೇ ಬೇಕು. ಹಣ್ಣು ತರುವ ಮೊದಲು ಹತ್ತಿರದ ಅಬಕಾರಿ ಕಚೇರಿಯಲ್ಲಿ ಕೇಳಿಕೊಳ್ಳಿ.

ಸೋಸಿದ ಸಿಪ್ಪೆಯನ್ನು ಹಸುವಿಗೆ ಹಾಕಬಹುದೇ? (ಶಿರಸಿ)

ಬೇಡ, ಕೋಳಿಗೂ ಬೇಡ. ಅದರಲ್ಲಿ ಮದ್ಯಸಾರ ಇನ್ನೂ ಇರುತ್ತದೆ. ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಿ, ಇಲ್ಲದಿದ್ದರೆ ಊರಿನ ಹಣ್ಣುನೊಣವೆಲ್ಲ ನಿಮ್ಮ ಹಿತ್ತಲಿಗೇ ಬರುತ್ತದೆ.