ತೂಕ ಕೂಡಿಸುವ ಮೊದಲು ಬ್ಲೇಡಿನ ಬೆನ್ನು ನೋಡಿ

ಪ್ರಶ್ನೆ: ನಮಸ್ಕಾರ್ರಿ ಸರ್. ನಾನು ಸೇಡಂ ತಾಲ್ಲೂಕಿನಾಂವ. ಕಲಬುರಗಿಯಾಗ ಬಿ.ಇ. ಮೆಕ್ಯಾನಿಕಲ್ ಮುಗಿಸಿ, ಒಂದು ಸಿಮೆಂಟ್ ಕಾರ್ಖಾನೆಯ ಮೆಂಟೆನೆನ್ಸ್‌ನಾಗ ಎರಡು ವರ್ಷದಿಂದ ಅದೀನಿ. ನಮ್ಮ ಪ್ರೀಹೀಟರ್ ಫ್ಯಾನಿನ (ಗೂಡಿನ ಬಿಸಿಗಾಳಿ ಎಳ್ಯೋ ಫ್ಯಾನು) ವೈಬ್ರೇಶನ್ ಸೆಕೆಂಡಿಗೆ 9 ಮಿಲಿಮೀಟರಿಗೆ ಏರ್ತದ. ತೂಕ ಕೂಡಿಸಿ ಬ್ಯಾಲೆನ್ಸ್ ಮಾಡಿದ್ರ 2.5ಕ್ಕ ಇಳೀತದ. ಹದಿನೈದು ದಿನಕ್ಕ ಮತ್ತ ಅದೇ ಹಾಡು. ಇಂಪೆಲ್ಲರ್ (ಬ್ಲೇಡಿನ ಚಕ್ರ) ಮ್ಯಾಲ ಈಗ ನಾಲ್ಕು ತೂಕದ ಪಟ್ಟಿ ಕುಂತಾವ. ಹೊಸ ಇಂಪೆಲ್ಲರ್ ತರಸೋಣು ಅಂತಾರ ಹಿರಿಯರು. ಏನ್ ಮಾಡ್ಬೇಕು? ಈ ಕೆಲಸದಾಗೇ ಉಳಿದ್ರ ಮುಂದ ದಾರಿ ಅದ ಏನ್ರಿ, ಇಲ್ಲಾ ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ಹಿಡೀಲಿ?

ಉತ್ತರ: ಹೊಸ ಇಂಪೆಲ್ಲರಿನ ಮಾತು ಸದ್ಯಕ್ಕೆ ಬಿಡಿ. ಗಟ್ಟಿ ಅಡಿಪಾಯದ ದೊಡ್ಡ ಯಂತ್ರಕ್ಕೆ ಸೆಕೆಂಡಿಗೆ 7.1 ಮಿಲಿಮೀಟರ್ ದಾಟಿದರೆ ಹಾನಿಯ ವಲಯ, ಹಾಗಾಗಿ ನಿಮ್ಮ 9 ಸಣ್ಣ ವಿಷಯವೇನಲ್ಲ. ಆದರೆ ಬ್ಯಾಲೆನ್ಸ್ ಮಾಡಿದಾಗ ಇಳಿದು ಮತ್ತೆ ಏರುವ ಫ್ಯಾನಿನಲ್ಲಿ ಏನೋ ಒಂದು ಬದಲಾಗುತ್ತಲೇ ಇರುತ್ತದೆ. ಮೊದಲು ಅದನ್ನು ಹುಡುಕಿ.

ಕಂಟ್ರೋಲ್ ರೂಮಿನಲ್ಲಿ ಹದಿನೈದು ದಿನದ ವೈಬ್ರೇಶನ್ ಟ್ರೆಂಡ್ (ಏರಿಳಿತದ ದಾಖಲೆ) ತೆಗೆಸಿ. 3, 4, 5 ಎಂದು ದಿನೇದಿನೇ ಏರಿದೆಯೋ, ನಿಮಿಷದೊಳಗೆ 3ರಿಂದ 8ಕ್ಕೆ ಹಾರಿದೆಯೋ? ಮೆಲ್ಲಗೆ ಏರಿದ್ದರೆ ಗಾಳಿಯೊಡನೆ ಬರುವ ಪುಡಿ ಬ್ಲೇಡಿಗೆ ಕಟ್ಟುತ್ತಿದೆ, ಇಲ್ಲವೇ ಬ್ಲೇಡು ಸವೆಯುತ್ತಿದೆ. ಹಾರಿದ್ದರೆ ಬಹುಪಾಲು ಬ್ಲೇಡಿನ ಬೆನ್ನಿಗೆ ಕಟ್ಟಿದ್ದ ಪುಡಿ ಹಕ್ಕಳೆಯಂತೆ ಕಿತ್ತು ಬಿದ್ದಿದೆ. (ವೆಲ್ಡ್ ಬಿಟ್ಟು ಹಾರಿದ ಪಟ್ಟಿಯೂ ಇರಬಹುದು, ನಾಲ್ಕೂ ಇವೆಯೇ ಎಣಿಸಿ.) ಹಕ್ಕಳೆ ಎಷ್ಟಿದ್ದೀತು ಎನ್ನಬೇಡಿ. ನಿಮಿಷಕ್ಕೆ 990 ಸುತ್ತು ತಿರುಗುವ ಚಕ್ರದಲ್ಲಿ, ನಡುವಿನಿಂದ ಒಂದು ಮೀಟರ್ ದೂರ ಕುಳಿತ 100 ಗ್ರಾಂ ಸುಮಾರು 110 ಕೆಜಿಯಷ್ಟು ಬಲದಿಂದ ಬೇರಿಂಗನ್ನು ಎಳೆದಾಡುತ್ತದೆ.

ನೀವು ಎಡವಿರುವುದು ಇಲ್ಲೇ ಇರಬೇಕು. ಪುಡಿ ಕೆರೆಯದೆ ಬ್ಯಾಲೆನ್ಸ್ ಮಾಡಿದರೆ ನೀವು ಸರಿದೂಗಿಸುವುದು ಆ ಪುಡಿಯನ್ನು. ನಾಳೆ ಅದು ಉದುರಿದಾಗ ನೀವು ಕೂಡಿಸಿದ ಪಟ್ಟಿಯೇ ಹೆಚ್ಚಿನ ಭಾರವಾಗುತ್ತದೆ, ಅದನ್ನು ಸರಿದೂಗಿಸಲು ಎದುರಿಗೆ ಇನ್ನೊಂದು ಪಟ್ಟಿ! ಮುಂದಿನ ಶಟ್‌ಡೌನಿನಲ್ಲಿ ಎಲ್ಲ ಬ್ಲೇಡುಗಳ ಬೆನ್ನು ಲೋಹ ಕಾಣುವವರೆಗೆ ಕೆರೆಸಿ, ಹಳೆಯ ಪಟ್ಟಿಗಳನ್ನು ತೆಗೆಸಿ, ಆಮೇಲೆ ಬ್ಯಾಲೆನ್ಸ್ ಮಾಡಿ. ಕೆರೆದದ್ದನ್ನು ಬ್ಲೇಡಿಗೊಂದು ಚೀಲದಲ್ಲಿ ತುಂಬಿ ತೂಗಿ, ಬರೆದಿಡಿ.

ಎರಡು ಎಚ್ಚರಿಕೆ. ಕರೆಂಟ್ ತೆಗೆದರೂ ಚಿಮಣಿಯ ಸೆಳೆತಕ್ಕೆ ಫ್ಯಾನು ತಾನಾಗಿ ತಿರುಗಬಹುದು. ಡ್ಯಾಂಪರ್ (ಗಾಳಿಯ ದಾರಿಯ ಕದ) ಮುಚ್ಚಿ, ಇಂಪೆಲ್ಲರನ್ನು ಅಲ್ಲಾಡದಂತೆ ಕಟ್ಟದೆ ಒಳಗೆ ಕಾಲಿಡಬೇಡಿ. ಪಟ್ಟಿ ವೆಲ್ಡ್ ಮಾಡುವಾಗ ಅರ್ಥ್ ಕ್ಲಾಂಪ್ ಇಂಪೆಲ್ಲರಿಗೇ ಹಚ್ಚಿರಲಿ. ಹೊರಗಿನ ಕಬ್ಬಿಣಕ್ಕೆ ಹಚ್ಚಿದರೆ ಕರೆಂಟು ಬೇರಿಂಗಿನ ಮೂಲಕ ಹರಿದು ಅದನ್ನು ಸುಟ್ಟು ಹಾಕುತ್ತದೆ.

ಇಷ್ಟಾದರೂ ನಿಲ್ಲದಿದ್ದರೆ ಬುಡ ನೋಡಿ. ಒಮ್ಮೆ ಒಂದು ಕಾರ್ಖಾನೆಯಲ್ಲಿ ನಾನೇ ಮೂರು ಸಲ ತೂಕ ಹಾಕಿ ಸೋತಿದ್ದೆ. ರಾತ್ರಿ ಪಾಳಿಯ ಫಿಟ್ಟರ್ ಬ್ಯಾಟರಿ ಹಿಡಿದು ಬೇರಿಂಗ್ ಪೀಠದ ಕೆಳಗೆ ತೋರಿಸಿದ: ಕಬ್ಬಿಣ-ಕಾಂಕ್ರೀಟಿನ ಸಂದಿಯಲ್ಲಿ ಸೋರಿದ ಎಣ್ಣೆ ಗುಳುಗುಳು ಉಸಿರಾಡುತ್ತಿತ್ತು. ಗ್ರೌಟ್, ಅಂದರೆ ಆ ಸಂದಿ ತುಂಬಿದ ಗಾರೆ, ಬಿಟ್ಟಿತ್ತು. ನನ್ನ ಕೈಯಲ್ಲಿದ್ದ ದುಬಾರಿ ಮೀಟರ್ ನೋಡಿ ಅವನು ಏನೂ ಅನ್ನಲಿಲ್ಲ, ಅದು ಅವನ ದೊಡ್ಡತನ.

ಇನ್ನು ದಾರಿಯ ಮಾತು. ವಾಡಿ, ಸೇಡಂ, ಮಳಖೇಡದ ಸಿಮೆಂಟ್, ಬೀದರ್ ಕಡೆಯ ಸಕ್ಕರೆ ಕಾರ್ಖಾನೆಗಳು, ಕಲಬುರಗಿಯ ಬೇಳೆ ಮಿಲ್ಲುಗಳು, ಎಲ್ಲೆಡೆ ತಿರುಗುವ ಯಂತ್ರವೇ ಜೀವ. ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಸಕ್ಕರೆಯವರು ಟರ್ಬೈನ್, ಪಂಪು ಬಿಚ್ಚುತ್ತಾರೆ. ಆಗ ತಿಳಿದವರು ಸಿಗುವುದೇ ಕಷ್ಟ. ಸಾಫ್ಟ್‌ವೇರ್ ಇಷ್ಟವಿದ್ದರೆ ಹೋಗಿ, ಫ್ಯಾನಿಗೆ ಹೆದರಿ ಮಾತ್ರ ಹೋಗಬೇಡಿ. ಐಎಸ್‌ಒ 18436-2 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ವೈಬ್ರೇಶನ್ ತಜ್ಞರಿಗೆ ನಾಲ್ಕು ಹಂತದ ಪ್ರಮಾಣಪತ್ರವಿದೆ. ಮೊದಲನೆಯದಕ್ಕೆ ಕುಳಿತುಕೊಳ್ಳಿ. ಖರ್ಚು ಕಂಪನಿ ಕೊಡುತ್ತದೆಯೇ ಎಂದು, ಆ ಪುಡಿಯ ಚೀಲಗಳನ್ನು ಹಿರಿಯರ ಮೇಜಿನ ಮೇಲಿಟ್ಟ ದಿನವೇ ಕೇಳಿಬಿಡಿ.