ಐದು ತಿಂಗಳ ಶೆಫರ್ಡ್ ಮರಿ ನಡುದಾರಿಯಲ್ಲಿ ಕುಳಿತುಬಿಡುವ ಬಗ್ಗೆ

ಕಲಬುರಗಿಯ ಸೇಡಂ ರಸ್ತೆಯ ಸದಸ್ಯರು ನಾಯಿ ಸಾಕುವವರ ನಮ್ಮ ಗುಂಪಿನಲ್ಲಿ ನಿನ್ನೆ ರಾತ್ರಿ ಹಾಕಿದ ಪ್ರಶ್ನೆಯನ್ನು ಎರಡು ಸಲ ಓದಿದೆ. ಐದು ತಿಂಗಳ ಜರ್ಮನ್ ಶೆಫರ್ಡ್ ಮರಿಯನ್ನು ದಿನವೂ ಮುಂಜಾನೆ ನಾಲ್ಕು ಕಿಲೋಮೀಟರ್ ನಡೆಸುತ್ತಿರುವುದಾಗಿಯೂ, ಅರ್ಧ ದಾರಿಗೆ ಅದು ಡಾಂಬರಿನ ಮೇಲೆಯೇ ಕುಳಿತುಬಿಡುವುದಾಗಿಯೂ, ಎಳೆದರೆ ಎದ್ದು ಬರುವುದಾಗಿಯೂ ಬರೆದಿದ್ದಾರೆ. ಈ ಸೋಮಾರಿತನವನ್ನು ಬಿಡಿಸುವುದು ಹೇಗೆ ಮತ್ತು ನಿಂತಿದ್ದ ಕಿವಿ ಮತ್ತೆ ಬಿದ್ದಿರುವುದರಿಂದ ಯಾವ ಕ್ಯಾಲ್ಸಿಯಂ ಸಿರಪ್ ಕೊಡಬೇಕು ಎಂಬುದು ಅವರ ಪ್ರಶ್ನೆ. ಕೆಳಗೆ ಹನ್ನೊಂದು ಮಂದಿ ಸಿರಪ್‌ಗಳ ಹೆಸರು ಹೇಳಿದ್ದಾರೆಯೇ ಹೊರತು ಮರಿ ಯಾಕೆ ಕುಳಿತಿತು ಎಂದು ಒಬ್ಬರೂ ಕೇಳಿಲ್ಲ. ಇದೇ ತಪ್ಪನ್ನು, ಇದೇ ವಯಸ್ಸಿನ, ಇದೇ ತಳಿಯ ಮರಿಯ ಮೇಲೆ ನಾನು ಮಾಡಿದ್ದೇನೆ. ಆದ್ದರಿಂದ ಉತ್ತರ ಉದ್ದವಾಗುತ್ತದೆ, ನಡುನಡುವೆ ಸ್ವಲ್ಪ ಖಾರವೂ ಆದೀತು.

ನನ್ನ ಮೊದಲ ಶೆಫರ್ಡ್ ಶೇರು ಐದನೆಯ ತಿಂಗಳಿಗೆ ಹದಿನೆಂಟು ಕಿಲೋ ತೂಗುತ್ತಿತ್ತು. ನೋಡಿದವರೆಲ್ಲ ಬೆಳೆದ ನಾಯಿ ಎಂದೇ ಅಂದುಕೊಳ್ಳುತ್ತಿದ್ದರು, ನಾನೂ ಅಂದುಕೊಂಡೆ. ವೈದ್ಯರು ನನಗೆ ಸಕ್ಕರೆ ಕಾಯಿಲೆಗೆಂದು ನಡಿಗೆ ಹೇಳಿದ್ದರು. ಒಬ್ಬನೇ ಹೋಗುವುದಕ್ಕಿಂತ ಜೊತೆಗೊಂದು ಜೀವವಿರಲಿ ಎಂದು ದಿನವೂ ನಸುಕಿನಲ್ಲಿ ಅಪ್ಪನ ಕೆರೆ ಎಂಬ ಊರಿನ ಕೆರೆಯ ಕಡೆಗೆ ಕರೆದೊಯ್ಯುತ್ತಿದ್ದೆ. ಹೋಗಿ ಬರುವಷ್ಟರಲ್ಲಿ ನನ್ನ ಫೋನು ಆರು ಸಾವಿರ ಹೆಜ್ಜೆ ತೋರಿಸುತ್ತಿತ್ತು, ನನಗೆ ಅದರದೇ ಹಿಗ್ಗು. ಎರಡನೆಯ ವಾರದಿಂದ ಶೇರು ಒಂದು ಚಹಾ ಅಂಗಡಿಯ ಮುಂದೆ ಕುಳಿತುಕೊಳ್ಳತೊಡಗಿತು. ನಾನು ಪಾರ್ಲೆ-ಜಿ ಬಿಸ್ಕತ್ತು ತೋರಿಸಿ ಎಬ್ಬಿಸುತ್ತಿದ್ದೆ. ಅಂಗಡಿಯ ಅಜ್ಜಿ ಒಂದು ದಿನ, 'ಕೂಸಿಗಿ ಯಾಕ ಇಷ್ಟ ತ್ರಾಸ ಕೊಡ್ಲತ್ತೀರಿ?' ಎಂದು ಕೇಳಿದರು. ನಕ್ಕು ಮುಂದೆ ನಡೆದೆ.

ಏಳನೆಯ ತಿಂಗಳಲ್ಲಿ ಕಂಡದ್ದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ನೀವೂ ಇದನ್ನೇ ನೋಡಿ ಸುಮ್ಮನಾಗುವ ಅಪಾಯವಿದೆ. ಮಲಗಿ ಎದ್ದಾಗ ಅದು ಎಡ ಮುಂಗಾಲನ್ನು ನೆಲಕ್ಕೆ ಊರದೆ ಅರೆಗಳಿಗೆ ಹಿಡಿದು ನಿಲ್ಲುತ್ತಿತ್ತು. ಮೊದಲ ಹತ್ತು ಹೆಜ್ಜೆ ತಲೆಯನ್ನು ಮೇಲಕ್ಕೂ ಕೆಳಕ್ಕೂ ತೂಗುತ್ತ ಕುಂಟುತ್ತಿತ್ತು. ಗೇಟು ದಾಟುವಷ್ಟರಲ್ಲಿ ಮೈ ಬಿಸಿಯಾಗಿ ನಡಿಗೆ ನೇರವಾಗುತ್ತಿತ್ತು. ನಡೆಸಿದರೆ ಸರಿಹೋಗುತ್ತದೆ ಎಂದು ನಾನು ಇನ್ನೂ ಹೆಚ್ಚು ನಡೆಸಿದೆ. ಊರಿನಲ್ಲಿ ತೋರಿಸಿದಾಗ ಉಳುಕು ಎಂದು ಹೇಳಿ ನೋವಿನ ಗುಳಿಗೆ ಕೊಟ್ಟರು. ಎರಡು ತಿಂಗಳು ಹಾಗೆಯೇ ಕಳೆದ ಮೇಲೆ ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಕರೆದೊಯ್ದು ಎಕ್ಸ್-ರೇ ತೆಗೆಸಿದೆ. ಮೊಣಕೈ ಕೀಲಿನ ಹಿಂಬದಿಯಲ್ಲಿ ಮುಂಗಾಲಿನ ಅಲ್ನಾ ಎಂಬ ಎಲುಬಿನ ತುದಿಗೆ ಒಂದು ಪುಟ್ಟ ಚಾಚು ಇರುತ್ತದೆ; ಅದು ಸುಮಾರು 20 ವಾರಗಳೊಳಗೆ ಎಲುಬಿಗೆ ಬೆಸೆದುಕೊಳ್ಳಬೇಕು. ಶೇರುವಿನ ಕಾಲಿನಲ್ಲಿ ಅದು ಬೆಸೆದಿರಲೇ ಇಲ್ಲ. ಶೆಫರ್ಡ್‌ಗಳಲ್ಲಿ ಇದು ವಂಶದಿಂದ ಬರುವ ದೋಷ, ಆದ್ದರಿಂದ ನಡಿಗೆಯಿಂದಲೇ ಬಂತು ಎಂದು ನಾನು ಹೇಳಲಾರೆ. ಆದರೆ ಬಿಡಿ ಎಲುಬು ಅಲುಗಾಡುತ್ತಿದ್ದ ಕೀಲಿನ ಮೇಲೆ ಎರಡು ತಿಂಗಳು ಡಾಂಬರಿನ ಪೆಟ್ಟು ಹಾಕಿದವನು ನಾನೇ. ಶಸ್ತ್ರಚಿಕಿತ್ಸೆಯಾಯಿತು, ಒಂಬತ್ತು ವರ್ಷ ಬದುಕಿತು, ಪ್ರತಿ ಚಳಿಗಾಲದಲ್ಲೂ ಕುಂಟಿತು.

ಕುಂಟುವ ಮರಿಗಳೆಲ್ಲಕ್ಕೂ ಇದೇ ರೋಗ ಎಂದು ಹೆದರಬೇಡಿ. ಒಂದು ವಾರ ಮುಂಗಾಲು, ಇನ್ನೊಂದು ವಾರ ಹಿಂಗಾಲು ಎಂದು ಜಾಗ ಬದಲಾಯಿಸುವ ಕುಂಟು ಪ್ಯಾನೋಸ್ಟೈಟಿಸ್ ಇರಬಹುದು. ಅದು ಬೆಳೆಯುವ ವಯಸ್ಸಿನ ಎಲುಬು ನೋವು, ಕಾಲಕ್ರಮದಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಒಂದೇ ಕಾಲು ಎರಡು ವಾರ ಕುಂಟಿದರೆ ಮಾತ್ರ ಗುಂಪಿನಲ್ಲಿ ಕೇಳುತ್ತ ಕೂರದೆ ಎಕ್ಸ್-ರೇ ತೆಗೆಸಿರಿ. ಮನುಷ್ಯರ ನೋವಿನ ಗುಳಿಗೆಯನ್ನು, ಅದರಲ್ಲೂ ಐಬುಪ್ರೊಫೆನ್ ಅನ್ನು, ಯಾವ ಕಾರಣಕ್ಕೂ ಕೊಡಬೇಡಿ.

ಈಗ ನಡಿಗೆಯ ವಿಷಯ. ದೊಡ್ಡ ತಳಿಗಳಲ್ಲಿ ಎಲುಬಿನ ತುದಿಯ ಬೆಳವಣಿಗೆಯ ತಟ್ಟೆಗಳು ಮುಚ್ಚಿಕೊಳ್ಳುವುದಕ್ಕೆ 12ರಿಂದ 18 ತಿಂಗಳು ಬೇಕು, ಗ್ರೇಟ್ ಡೇನ್‌ನಂಥವುಗಳಿಗೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ಅದು ಮೃದುವಾದ ಜಾಗ. ತಿಂಗಳಿಗೆ ಐದು ನಿಮಿಷದಂತೆ ಐದು ತಿಂಗಳಿಗೆ ಇಪ್ಪತ್ತೈದು ನಿಮಿಷ ಎಂಬ ಸೂತ್ರವನ್ನು ಎಲ್ಲರೂ ಹೇಳುತ್ತಾರೆ. ಅದು ಪ್ರಯೋಗದಿಂದ ಬಂದ ಲೆಕ್ಕವಲ್ಲ, ಅಂದಾಜು. ಮನೆಯಲ್ಲಿ ಮಾವನಿಗೋ ಮಗನಿಗೋ ಹಗ್ಗ ಕೊಟ್ಟು ಕಳಿಸುವಾಗ ಹೇಳುವುದಕ್ಕೆ ಅನುಕೂಲ, ಅಷ್ಟೇ. ನಾರ್ವೆಯಲ್ಲಿ ಲ್ಯಾಬ್ರಡಾರ್, ನ್ಯೂಫೌಂಡ್‌ಲ್ಯಾಂಡ್ ಮುಂತಾದ ನಾಲ್ಕು ದೊಡ್ಡ ತಳಿಗಳ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ತಿಂಗಳೊಳಗೆ ದಿನವೂ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಹಿಪ್ ಡಿಸ್ಪ್ಲೇಸಿಯಾ (ಸೊಂಟದ ಕೀಲು ಸರಿಯಾಗಿ ಕೂರದ ದೋಷ) ಹೆಚ್ಚಾಗಿಯೂ, ಮೆತ್ತನೆಯ ನೆಲದಲ್ಲಿ ಹಗ್ಗವಿಲ್ಲದೆ ಓಡಾಡಿದ ಮರಿಗಳಲ್ಲಿ ಕಡಿಮೆಯಾಗಿಯೂ ಕಂಡುಬಂತು. ನಿಮ್ಮ ಮರಿ ಆ ವಯಸ್ಸು ದಾಟಿದೆ, ಆದರೂ ನನ್ನ ಈಗಿನ ಪದ್ಧತಿ ಹುಟ್ಟಿದ್ದು ಅಲ್ಲಿಂದಲೇ.

ಆ ಪದ್ಧತಿಗೆ ಬೇಕಾದದ್ದು ಎತ್ತಿನ ಹಗ್ಗ ಮಾರುವವರ ಬಳಿ ಸಿಗುವ ಹದಿನೈದು ಅಡಿ ನೂಲಿನ ಹಗ್ಗ ಮತ್ತು ಎದೆಯ ಮುಂದೆ ವೈ ಆಕಾರದಲ್ಲಿ ಬರುವ ಹಾರ್ನೆಸ್ (ಎದೆಪಟ್ಟಿ). ನೈಲಾನ್ ಹಗ್ಗ ಅಂಗೈ ಸುಡುತ್ತದೆ, ಬೇಡ. ಗುಂಡಿ ಒತ್ತಿದರೆ ಸುರುಳಿ ಬಿಚ್ಚುವ ಲೀಶ್‌ಗಳನ್ನು ಕೊಂಡವರು ದಯವಿಟ್ಟು ಅವುಗಳನ್ನು ಪರದೆ ಒಣಗಿಸುವುದಕ್ಕೆ ಬಳಸಿರಿ. ಈಗಿನ ಲ್ಯಾಬ್ರಡಾರ್ ಗೌರಿಯನ್ನು ಮರಿಯಿದ್ದಾಗ ಗಾಡಿಯಲ್ಲಿ ಕೂರಿಸಿಕೊಂಡು ಊರ ಹೊರಗಿನ ಹೊಲದ ಬದುವಿಗೆ ಒಯ್ಯುತ್ತಿದ್ದೆ. ಅಲ್ಲಿ ಹಗ್ಗ ಸಡಿಲ ಬಿಟ್ಟು ನಾನು ಹಿಂದೆ, ಅದು ಮುಂದೆ. ಅದು ಮೂಸಿದರೆ ನಾನು ನಿಲ್ಲುತ್ತಿದ್ದೆ, ಓಡಿದರೆ ನಾನೂ ನಾಲ್ಕು ಹೆಜ್ಜೆ ಓಡುತ್ತಿದ್ದೆ, ಕುಳಿತರೆ ಅಂದಿನ ನಡಿಗೆ ಮುಗಿಯಿತು ಎಂದು ಎತ್ತಿಕೊಂಡು ಗಾಡಿಗೆ ಹಾಕುತ್ತಿದ್ದೆ. ಒಂದು ಇಲಿಬಿಲದ ಬಾಯಿಗೆ ಮೂಗು ಇಟ್ಟರೆ ಆರು ನಿಮಿಷ ಅಲ್ಲಿಯೇ. ಅಷ್ಟು ಮೂಸಿದ ದಿನ ಮನೆಗೆ ಬಂದು ಮಧ್ಯಾಹ್ನದವರೆಗೆ ನಿದ್ದೆ ಮಾಡುತ್ತಿತ್ತು, ಚಪ್ಪಲಿ ಕಡಿಯುವ ಮಾತೇ ಇರಲಿಲ್ಲ. ನಿಮ್ಮ ನಡಿಗೆ ನಿಮಗೆ ಬೇಕಾದರೆ ಮರಿಯನ್ನು ಮನೆಗೆ ಬಿಟ್ಟು ಬೇರೆಯಾಗಿ ಹೋಗಿರಿ. ಹದಿನೆಂಟು ತಿಂಗಳಾದ ಮೇಲೆ ನಿಧಾನವಾಗಿ ದೂರ ಹೆಚ್ಚಿಸಿದೆ. ಈಗ ಗೌರಿ ನನಗಿಂತ ಹೆಚ್ಚು ನಡೆಯುತ್ತದೆ.

ನಮ್ಮ ಎರೆಹೊಲದಲ್ಲಿ ಕಾಲಕ್ಕೊಂದು ಎಚ್ಚರ ಬೇಕು. ತೊಗರಿ ಕೊಯ್ದ ಮೇಲೆ ಉಳಿಯುವ ಕೂಳೆ ಓರೆಯಾಗಿ ಕತ್ತರಿಸಿ ಈಟಿಯಂತಿರುತ್ತದೆ, ಅಂಗಾಲಿಗೆ ನಟ್ಟರೆ ಒಳಗೇ ಮುರಿಯುತ್ತದೆ; ಆಗ ಬದುವನ್ನು ಬಿಟ್ಟು ಒಳಗೆ ಇಳಿಸಬೇಡಿ. ಬೇಸಿಗೆಯಲ್ಲಿ ನೆಲ ಬಿರಿದು ಮರಿಯ ಕಾಲು ಹೋಗುವಷ್ಟು ಸೀಳುಗಳಾಗುತ್ತವೆ, ಓಡುವಾಗ ಕಾಲು ಸಿಕ್ಕರೆ ಮುರಿತವೇ ಗತಿ. ಮಳೆಗಾಲದಲ್ಲಿ ಜಿಗುಟು ಮಣ್ಣು ಬೆರಳ ಸಂದಿಯಲ್ಲಿ ಹೆಂಟೆಗಟ್ಟಿ ಒಣಗುತ್ತದೆ. ಬೆಚ್ಚಗಿನ ನೀರಿನಲ್ಲಿ ನೆನೆಸಿ ತೆಗೆಯಿರಿ, ಕಿತ್ತರೆ ಕೂದಲ ಸಹಿತ ಬರುತ್ತದೆ. ನೆಗ್ಗಿನ ಮುಳ್ಳು ಮತ್ತು ಬಳ್ಳಾರಿ ಜಾಲಿ ವರ್ಷವಿಡೀ ಇದ್ದದ್ದೇ. ರಕ್ತ ಹೀರುವ ಉಣ್ಣಿಗಳಿಗಾಗಿ ಕಿವಿಯ ಒಳಗೂ ಬೆರಳ ನಡುವೆಯೂ ದಿನವೂ ಕೈಯಾಡಿಸಿರಿ.

ಹೊರಗಿನ ನಡಿಗೆಯಷ್ಟೇ ಮುಖ್ಯವಾದ, ಯಾರೂ ಗಮನಿಸದ ಸಂಗತಿಯೆಂದರೆ ಮನೆಯ ನೆಲ. ನಮ್ಮ ಭಾಗದ ಮನೆಗಳಲ್ಲಿ ಶಹಾಬಾದ ಫರಸಿಯೇ ಹೆಚ್ಚು, ಅದಕ್ಕೆ ಪಾಲಿಶ್ ಹಾಕಿಸುವುದು ಈಗ ಅಂತಸ್ತಿನ ವಿಷಯ. ಬಾಗಿಲ ಗಂಟೆ ಬಾರಿಸಿದ ಕೂಡಲೇ ಮರಿ ಎದ್ದು ಓಡುವುದನ್ನು ಒಮ್ಮೆ ನೆಲಕ್ಕೆ ಬಗ್ಗಿ ನೋಡಿರಿ: ಹಿಂಗಾಲುಗಳೆರಡೂ ಹೊರಕ್ಕೆ ಜಾರಿ ಸೊಂಟ ನೆಲಕ್ಕೆ ತಾಗುತ್ತದೆ. ದಿನಕ್ಕೆ ಇಪ್ಪತ್ತು ಸಲ ಹೀಗಾದರೆ ಹಿಪ್ ಕೀಲಿನ ಗತಿಯೇನು? ಅದು ಓಡಾಡುವ ದಾರಿಯುದ್ದಕ್ಕೂ ಹಳೆಯ ಜಮಖಾನೆ ಅಥವಾ ರಬ್ಬರ್ ಚಾಪೆ ಹಾಸಿರಿ. ಮಾಳಿಗೆಯ ಮೆಟ್ಟಿಲಿಗೆ ಅಡ್ಡ ಹಲಗೆ ಇಡಿ.

ಕಿವಿ ಮತ್ತು ಕ್ಯಾಲ್ಸಿಯಂ. ನಾಲ್ಕರಿಂದ ಆರು ತಿಂಗಳ ನಡುವೆ ಹಲ್ಲು ಬದಲಾಗುವಾಗ ಶೆಫರ್ಡ್ ಮರಿಯ ಕಿವಿ ಏಳುವುದು, ಬೀಳುವುದು, ಒಂದು ಎದ್ದು ಒಂದು ಬೀಳುವುದು, ಎಲ್ಲವೂ ಸಹಜ. ಬೇಕಾದಷ್ಟನ್ನೇ ಹೀರಿಕೊಂಡು ಉಳಿದದ್ದನ್ನು ಬಿಡುವ ಶಕ್ತಿ ಎಳೆಯ ಮರಿಯ ಕರುಳಿಗೆ ಇನ್ನೂ ಬಂದಿರುವುದಿಲ್ಲ, ಆದ್ದರಿಂದ ಹೆಚ್ಚುವರಿ ಕ್ಯಾಲ್ಸಿಯಂ ಎಲುಬಿನ ಬೆಳವಣಿಗೆಯನ್ನೇ ಕೆಡಿಸುತ್ತದೆ. ಒಳ್ಳೆಯ ಪಪ್ಪಿ ಆಹಾರ ತಿನ್ನುತ್ತಿರುವ ದೊಡ್ಡ ತಳಿಯ ಮರಿಗೆ ಸಿರಪ್ ಕೊಡುವುದು ಹಣ ಕೊಟ್ಟು ಹಾನಿ ತಂದಂತೆ. ಮೇಲೆ ಹೆಸರು ಹೇಳಿದ ಹನ್ನೊಂದು ಮಂದಿಯಲ್ಲಿ ಎಷ್ಟು ಜನ ಮರಿ ಏನು ತಿನ್ನುತ್ತಿದೆ ಎಂದು ಕೇಳಿದಿರಿ?

ಆಹಾರದಲ್ಲಿ ನನ್ನ ಮತ ರಾಯಲ್ ಕ್ಯಾನಿನ್ ಮ್ಯಾಕ್ಸಿ ಪಪ್ಪಿಗೆ. ಬೆಳೆದಾಗ 26ರಿಂದ 44 ಕಿಲೋ ತೂಗುವ ತಳಿಗಳಿಗೆ 15 ತಿಂಗಳವರೆಗೆ ಎಂದು ಅದನ್ನು ಮಾಡಿದ್ದಾರೆ. ದುಬಾರಿ ಎಂಬುದು ನಿಜ. ಡ್ರೂಲ್ಸ್ ಲಾರ್ಜ್ ಬ್ರೀಡ್ ಪಪ್ಪಿ ಕೊಟ್ಟು ಚೆನ್ನಾಗಿ ಬೆಳೆಸಿದವರೂ ನಮ್ಮಲ್ಲಿದ್ದಾರೆ. ಚೀಲದ ಮೇಲೆ ದೊಡ್ಡ ತಳಿಯ ಮರಿಗೆ ಎಂದು ಇರಬೇಕು, ಅದು ಮುಖ್ಯ. ಜೋಳದ ರೊಟ್ಟಿಯ ತುಂಡು ಬೆರೆಸಿದರೆ ಅಡ್ಡಿಯಿಲ್ಲ, ಆದರೆ ಉಳ್ಳಾಗಡ್ಡಿ ಹಾಕಿದ ಸಾರಿನಲ್ಲಿ ನೆನೆಸಿ ಕೊಡಬೇಡಿ. ಉಳ್ಳಾಗಡ್ಡಿ ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ. ಪಕ್ಕೆಲುಬು ಕೈಗೆ ಸುಲಭವಾಗಿ ಸಿಗುವಷ್ಟು ತೆಳ್ಳಗೆ ಇಡಿ. ಗುಂಡುಗುಂಡಾದ ಮರಿಯ ಫೋಟೊಗೆ ಗುಂಪಿನಲ್ಲಿ ನೂರು ಹೃದಯ ಬೀಳುತ್ತವೆ, ಭಾರ ಹೊರುವುದು ಅದರ ಕೀಲುಗಳು.

ಬಿಸಿಲಿನ ಬಗ್ಗೆ ಕಲಬುರಗಿಯವರಿಗೆ ಹೇಳಬೇಕಾಗಿಲ್ಲ, ಆದರೂ ಏಪ್ರಿಲ್ ಸಂಜೆ ಆರಕ್ಕೆ ಮರಿ ಹಿಡಿದು ಹೊರಟವರನ್ನು ಪ್ರತಿ ವರ್ಷ ನೋಡುತ್ತೇನೆ. ಸೂರ್ಯ ಇಳಿದರೂ ಡಾಂಬರು ಕಾದಿರುತ್ತದೆ. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳು ಎಣಿಸಲಾಗದಿದ್ದರೆ ಮನೆಗೆ ಹಿಂತಿರುಗಿರಿ. ನಾಲಿಗೆ ಗಾಢ ಕೆಂಪಾಗಿ, ಜೊಲ್ಲು ಅಂಟಾಗಿ, ಮರಿ ತೂರಾಡಿದರೆ ಮೊದಲು ಮೈತುಂಬ ನಲ್ಲಿ ನೀರು ಸುರಿದು ಗಾಳಿ ಹಾಕಿರಿ, ಆಮೇಲೆ ಆಸ್ಪತ್ರೆಗೆ ಓಡಿರಿ. ಬೀದಿನಾಯಿಗಳ ವಿಷಯ ಬೇರೆ ದಿನ ಬರೆಯುತ್ತೇನೆ. ರೇಬೀಸ್ ಲಸಿಕೆ ಮೂರು ತಿಂಗಳಿಗೇ ಆಗಿರಬೇಕಿತ್ತು, ಆಗಿರದಿದ್ದರೆ ನಾಳೆಯೇ ಹಾಕಿಸಿರಿ.

ಸೇಡಂ ರಸ್ತೆಯವರು ಸದ್ಯಕ್ಕೆ ಇಷ್ಟು ಮಾಡಿರಿ: ಹದಿನೈದು ದಿನ ಡಾಂಬರು ನಡಿಗೆ ನಿಲ್ಲಿಸಿ, ಸಿರಪ್ ಕೊಂಡಿದ್ದರೆ ಮುಚ್ಚಳ ತೆರೆಯಬೇಡಿ, ನಾಳೆ ಬೆಳಿಗ್ಗೆ ಮರಿ ಮಲಗಿದಲ್ಲಿಂದ ಏಳುವ ಮೊದಲೇ ಫೋನು ಹಿಡಿದು ಕೂತು ಅದರ ಮೊದಲ ಹತ್ತು ಹೆಜ್ಜೆಗಳನ್ನು ಒಮ್ಮೆ ಪಕ್ಕದಿಂದ, ಮರುದಿನ ಎದುರಿನಿಂದ ಚಿತ್ರೀಕರಿಸಿ ಇಲ್ಲಿಯೇ ಹಾಕಿರಿ. ತಲೆ ತೂಗುತ್ತಿದೆಯೇ ಎಂದು ನೋಡಿ ಹೇಳುತ್ತೇನೆ.