ಜರ್ಮನ್ ವಿಶೇಷಣಗಳ ಪ್ರತ್ಯಯಗಳ ಮೂರು ಕೋಷ್ಟಕಗಳಲ್ಲಿ ಮೊದಲು ಯಾವುದನ್ನು ಬಾಯಿಪಾಠ ಮಾಡಬೇಕು?

ಯಾವುದನ್ನೂ ಮಾಡಬೇಡಿ. ಮಾಡಿ ಕೆಟ್ಟವಳು ಹೇಳುತ್ತಿದ್ದೇನೆ.

ಕೋಷ್ಟಕಗಳು ಮೂರು: ವಿಶೇಷಣದ ಮುಂದೆ ‘ಡೇರ್’ (ಆ) ಇದ್ದಾಗ, ‘ಐನ್’ (ಒಂದು, ಒಬ್ಬ) ಇದ್ದಾಗ, ಏನೂ ಇಲ್ಲದಿದ್ದಾಗ. ನರ್ಸ್ ಕೆಲಸಕ್ಕೆಂದು ಜರ್ಮನಿಗೆ ಹೊರಟಾಗ ನಾನು ಸುಲಭದ ಕೋಷ್ಟಕವನ್ನೇ ಮೊದಲು ಹಿಡಿದೆ. ಮೂರು ಲಿಂಗಗಳ ‘ಡೇರ್, ಡೀ, ಡಾಸ್’ ಆದಮೇಲೆ ಬರುವ ವಿಶೇಷಣಕ್ಕೆ ಎರಡೇ ಪ್ರತ್ಯಯ: 16 ಮನೆಗಳಲ್ಲಿ (ಮೂರು ಲಿಂಗ ಮತ್ತು ಬಹುವಚನ, ತಲಾ ನಾಲ್ಕು ವಿಭಕ್ತಿ) 5ಕ್ಕೆ ‘ಎ’, ಉಳಿದ 11ಕ್ಕೆ ‘ಎನ್’. ನಾಲಿಗೆಗೆ ಅದೇ ರೂಢಿಯಾಯಿತು. ‘ಡಾಸ್ ಹೋಹೆ ಫೀಬರ್’, ಅಂದರೆ ಆ ವಿಪರೀತ ಜ್ವರ, ಸರಿ. ಆದರೆ ರೋಗಿಗೆ ವಿಪರೀತ ಜ್ವರವಿದೆ ಎನ್ನುವಾಗ ‘ಡಾಸ್’ ಇರುವುದಿಲ್ಲ. ಆಗ ‘ಎರ್ ಹಾಟ್ ಹೋಹೆಸ್ ಫೀಬರ್’ ಎನ್ನಬೇಕು. ನಾನು ‘ಹೋಹೆ ಫೀಬರ್’ ಎಂದೇ ಬರೆಯುತ್ತಿದ್ದೆ. ‘ಮಿಟ್’ (ಜೊತೆಗೆ) ಬಂದರೆ ಚತುರ್ಥಿ, ‘ಮಿಟ್ ಹೋಹೆಮ್ ಫೀಬರ್’. ಅಲ್ಲಿಯೂ ನನ್ನದು ‘ಹೋಹೆ’ಯೇ. ಕನ್ನಡದ ಕಿವಿಗೆ ಇದು ತಪ್ಪೆಂದು ಹೊಳೆಯುವುದೇ ಇಲ್ಲ. ವಿಪರೀತ ಜ್ವರ, ವಿಪರೀತ ಜ್ವರಕ್ಕೆ, ವಿಪರೀತ ಜ್ವರದಿಂದ: ವಿಭಕ್ತಿಯೆಲ್ಲ ಜ್ವರಕ್ಕೆ, ‘ವಿಪರೀತ’ ಮಿಸುಕಾಡುವುದಿಲ್ಲ. ಬಿ2 ಮಟ್ಟದ ಜರ್ಮನ್ ಭಾಷಾ ಪರೀಕ್ಷೆಯ ಬರವಣಿಗೆಯಲ್ಲಿ ನಪಾಸಾದೆ. ನರ್ಸ್ ಎಂಬ ಮಾನ್ಯತೆ ಮುಂದಕ್ಕೆ ಹೋಯಿತು, ಅಲ್ಲಿಯವರೆಗೆ ಸಹಾಯಕಿಯ ಸಂಬಳ.

ಇರುವುದು ಮೂರು ಕೋಷ್ಟಕಗಳಲ್ಲ, ಒಂದೇ ನಿಯಮ. ಮದುವೆಮನೆಯ ಬಾಗಿಲಲ್ಲಿ ಯಾರಾದರೊಬ್ಬರು ‘ಬನ್ನಿ’ ಎಂದರೆ ಸಾಕಲ್ಲವೇ? ‘ಡೇರ್’ ಅಥವಾ ‘ಡೆಮ್’ ನಿಂತಿದ್ದರೆ ಲಿಂಗ, ವಿಭಕ್ತಿ ಎರಡನ್ನೂ ಅದೇ ಹೇಳುತ್ತದೆ, ವಿಶೇಷಣ ಹಿಂದೆ ಆರಾಮಾಗಿರುತ್ತದೆ. ಬಾಗಿಲು ಖಾಲಿಯಿದ್ದರೆ ವಿಶೇಷಣವೇ ಮುಂದೆ ಬಂದು ತನ್ನ ಪ್ರತ್ಯಯದಿಂದ ಅದನ್ನು ಹೇಳಬೇಕು. ‘ಐನ್’ ನಿಂತಿದ್ದೂ ಬಾಯಿ ಬಿಡದಿದ್ದರೆ, ಅಂದರೆ ಅದಕ್ಕೆ ಪ್ರತ್ಯಯವಿಲ್ಲದಿದ್ದರೆ, ಆಗಲೂ ಅಷ್ಟೇ: ಆ ಹೊಸ ರೋಗಿ ‘ಡೇರ್ ನೋಯೆ ಪಾಟ್ಸಿಯೆಂಟ್’, ಆದರೆ ಒಬ್ಬ ಹೊಸ ರೋಗಿ ‘ಐನ್ ನೋಯರ್ ಪಾಟ್ಸಿಯೆಂಟ್’.

ನಾಮಪದವನ್ನು ಬೇರೆ ನೋಟ್‌ಬುಕ್ಕಿನಲ್ಲಿ ಕಲಿಯುವ ಯೋಚನೆಯನ್ನೂ ಬಿಡಿ. ಹೊಸ ರೋಗಿಗೆ ಎನ್ನಲು ‘ಡೆಮ್ ನೋಯೆನ್ ಪಾಟ್ಸಿಯೆಂಟೆನ್’, ಚಿಕ್ಕ ಮಕ್ಕಳೊಂದಿಗೆ ಎನ್ನಲು ‘ಮಿಟ್ ಕ್ಲೈನೆನ್ ಕಿಂಡರ್ನ್’. ಎರಡು ಪದಗಳ ಬಾಲವೂ ಒಟ್ಟಿಗೇ ಬದಲಾಗುತ್ತದೆ. ನಾನಂತೂ ಪಾಳಿ ಬದಲಾಗುವಾಗ ಜರ್ಮನ್ ಸಹೋದ್ಯೋಗಿಗಳು ಹೇಳುವ ಇಂತಹ ತುಣುಕುಗಳನ್ನು ಇಡಿಯಾಗಿ ಬರೆದುಕೊಂಡು ಗಟ್ಟಿಯಾಗಿ ಓದಿದೆ. ಬಣ್ಣಬಣ್ಣದ ಚಾರ್ಟುಗಳು ಗೋಡೆಗೆ ಚೆಂದ, ಅಷ್ಟೇ.

ಷಷ್ಠಿಯಲ್ಲಿ ಒಂದು ತಕರಾರಿದೆ. ‘ವೇಗೆನ್ ಹೋಹೆನ್ ಫೀಬರ್ಸ್’, ವಿಪರೀತ ಜ್ವರದ ಕಾರಣ: ಮುಂದೆ ಯಾರೂ ಇಲ್ಲದಿದ್ದರೂ ವಿಶೇಷಣಕ್ಕೆ ‘ಎನ್’ ಮಾತ್ರ, ಏಕೆಂದರೆ ‘ಎಸ್’ ಅನ್ನು ನಾಮಪದವೇ ಹೊತ್ತಿದೆ. ಇದು ಮಾತಿಗಿಂತ ಬರಹದಲ್ಲಿ ಹೆಚ್ಚು, ಸದ್ಯಕ್ಕೆ ಪಕ್ಕಕ್ಕಿಡಿ.